ಸೊನ್ನೆ ಕೂರಿಸಿದ ಹೊತ್ತು

ನಮ್ಮೂರಲ್ಲಿ ಯಾರ ಮನೆಗೆ ಹೋದರೂ, ಸೆಕೆ ಎಷ್ಟೇ ಇರಲಿ, ಫ್ಯಾನು ಹಾಕಿ ಅಂತ ಬಾಯಿಬಿಟ್ಟು ಕೇಳುವಂತಿಲ್ಲ. ಅದು ಆ ಮನೆಯವರ ಉಳಿಕೆಯ ಹೊತ್ತಾಗಿರಬಹುದು. ಮನೆಯವರು ಸ್ವಿಚ್ಚುಗಳನ್ನೆಲ್ಲ ಆರಿಸಿ, ಮೀಟರಿನ ಎದುರು ಚಾಪೆ ಹಾಸಿಕೊಂಡು ಕೂತಿರುತ್ತಾರೆ. ಬಂದವರೂ ಸೆರಗಿನಿಂದಲೋ ಹಳೇ ಪೇಪರಿನಿಂದಲೋ ಗಾಳಿ ಬೀಸಿಕೊಂಡು ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಊರಿನ ತುಂಬ ದಿನದ ಯಾವ ಗಳಿಗೆಯಲ್ಲಾದರೂ ಯಾವುದೋ ಒಂದು ಮನೆ ಹೀಗೆ ಬೆವರುತ್ತಾ ಕೂತಿರುತ್ತದೆ.

ತೀರಿಕೊಂಡವರು ಬದುಕಿದ್ದಾಗ ದಿನಾ ಯಾವ ಹೊತ್ತಿಗೆ ಯಾವ ಸ್ವಿಚ್ಚು ಹಾಕುತ್ತಿದ್ದರೋ, ಹೋದ ಮೇಲೂ ಆ ಹೊತ್ತಿಗೆ ಅಷ್ಟು ಕರೆಂಟು ಮನೆಯ ತಂತಿಯಲ್ಲಿ ಹರಿಯುತ್ತದೆ. ಪ್ಲಗ್ಗು ಕಿತ್ತಿಟ್ಟರೂ, ಆ ವಸ್ತುವನ್ನೇ ಮನೆಯಿಂದ ಆಚೆ ಸಾಗಿಸಿದರೂ ಹರಿಯುತ್ತದೆ. ದೀಪ ಹತ್ತುವುದಿಲ್ಲ, ಯಂತ್ರ ಅಲ್ಲಾಡುವುದಿಲ್ಲ, ಮೀಟರಿನ ತಟ್ಟೆ ಮಾತ್ರ ತಿರುಗುತ್ತದೆ. ಇದೇ ಉಳಿಕೆ. ನನ್ನ ಅಣ್ಣ ದಿನಾ ಬೆಳಿಗ್ಗೆ ಏಳೂವರೆಗೆ ತನ್ನ ಅಂಗಿ ತಾನೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದವನು. ಅವನು ಹೋದ ಮೇಲೆ ಹನ್ನೊಂದು ವರ್ಷ ನಾನು, ಅವನ ಹೆಂಡತಿ ರುದ್ರಾಂಬ ಅತ್ತಿಗೆ, ಇಬ್ಬರೂ ಏಳೂವರೆಗೆ ಮೀಟರಿನ ಮುಂದೆ ಕಾಫಿ ಲೋಟ ಹಿಡಿದು ಕೂರುತ್ತಿದ್ದೆವು. ತಟ್ಟೆಯ ಕೆಂಪು ಗುರುತು ಗಿರಗಿರ ಓಡುತ್ತಿತ್ತು. ತುಸು ಹೆಚ್ಚು ಹೊತ್ತು ಓಡಿದರೆ ಅತ್ತಿಗೆ "ಇವತ್ತು ಎರಡು ಅಂಗಿ" ಅನ್ನುತ್ತಿದ್ದರು. ಒಂದು ದಿನ ಅದು ಓಡಲಿಲ್ಲ, ಆಮೇಲೆಂದೂ ಓಡಲಿಲ್ಲ. ಅತ್ತಿಗೆ ಅಳಲಿಲ್ಲ. "ಹನ್ನೊಂದು ವರ್ಷ ಇಸ್ತ್ರಿ ಹಿಡಿಸಿ ನಿಲ್ಲಿಸೇ ಬಿಟ್ಟೆ ಕಣೆ ಪಾಪ ಅವರನ್ನ. ಕೂತ್ಕೊಳ್ಳಿ ಸಾಕು ಅಂತ ಒಂದು ಮಾತು ಹೇಳ್ಲಿಲ್ಲ ನಾನು" ಅಂದು ಲೋಟ ತೊಳೆಯಲು ಎದ್ದು ಹೋದರು.

ನಾನು ಗುಣವತಿ. ಮದುವೆಯಾಗಲಿಲ್ಲ, ಕೇಳುವವರಿದ್ದ ಕಾಲದಲ್ಲಿ ನಾನು ಒಪ್ಪಲಿಲ್ಲ, ನಾನು ಒಪ್ಪುವ ಕಾಲಕ್ಕೆ ಕೇಳುವವರಿರಲಿಲ್ಲ. ಮೋಟಾರು ರಿಪೇರಿ ಶೆಡ್ಡಿನಲ್ಲಿ ಮೂವತ್ತು ವರ್ಷ ತಾಮ್ರದ ತಂತಿ ಸುತ್ತಿದೆ. ಅತ್ತಿಗೆ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಅವರದು ಮೋಟಾರು ಕೂರಿಸಿದ ಹೊಲಿಗೆ ಯಂತ್ರ, ಮೋಟಾರಿಗೆ ತಂತಿ ಸುತ್ತಿಕೊಟ್ಟವಳು ನಾನೇ. ನಮ್ಮದು ಎಣ್ಣೆ ಸೀಗೆಕಾಯಿ ಸಂಬಂಧ. ನಾನು ಸಾರಿಗೆ ಉಪ್ಪು ಹಾಕಿದರೆ ಅವರು ನೀರು ಹಾಕುವರು. ಹಾಗಂತ ಒಂದು ದಿನವೂ ಒಬ್ಬರನ್ನು ಬಿಟ್ಟು ಒಬ್ಬರು ಉಂಡವರಲ್ಲ. ಕಳೆದ ವರ್ಷ ನನ್ನ ಸಾಲ್ಡರಿಂಗ್ ಕಡ್ಡಿ ತಾಗಿ ಯಾರದೋ ಮದುವೆಯ ರೇಷ್ಮೆ ರವಿಕೆ ಸುಟ್ಟಿತು. ತಪ್ಪಾಯಿತು ಅನ್ನುವ ಬದಲು ನಾನು "ಅದನ್ನ ಅಲ್ಯಾಕೆ ಇಟ್ರಿ" ಅಂದೆ. ಅತ್ತಿಗೆ ಮಾತು ಬಿಟ್ಟರು. ಎರಡು ತಿಂಗಳು ತಟ್ಟೆಗೆ ಬಡಿಸುವುದು ನಡೆಯಿತು, ಮಾತು ನಡೆಯಲಿಲ್ಲ. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಅಂತ ನಾನು ತಳ್ಳಿದೆ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲೇ ಇಲ್ಲ. ಅವರ ಚೀಲದಲ್ಲಿ ಕತ್ತರಿಸಿಟ್ಟ ನೀಲಿ ರವಿಕೆಯೊಂದು ಸಿಕ್ಕಿತು, ತೋಳು ಕೂಡಿಸಿರಲಿಲ್ಲ. ಪಿನ್ನು ಹಾಕಿ ಸಿಕ್ಕಿಸಿದ ಚೀಟಿಯಲ್ಲಿ ನನ್ನ ಅಳತೆ ಇತ್ತು.

ಅತ್ತಿಗೆಯ ಉಳಿಕೆ ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆ. ಮಧ್ಯಾಹ್ನದ ನಿದ್ದೆ ಮುಗಿಸಿ ಅವರು ಯಂತ್ರಕ್ಕೆ ಕೂರುವ ಹೊತ್ತು. ಸೂತಕ ಕಳೆದ ಮರುದಿನದಿಂದ ತಟ್ಟೆ ತಿರುಗಿತು. ತಿರುಗುವಾಗ ನಡುನಡುವೆ ನಿಧಾನವಾಗುತ್ತಿತ್ತು; ಬಟ್ಟೆಯ ಮೂಲೆಗೆ ಬಂದಾಗ ಅವರು ಹಾಗೆ ನಿಧಾನಿಸುತ್ತಿದ್ದುದು ನನಗೆ ಗೊತ್ತಿತ್ತು. ಯಂತ್ರಕ್ಕೆ ಕೆಂಪು ಬಟ್ಟೆ ಮುಚ್ಚಿದೆ. ಉಳಿಕೆಯ ವಸ್ತುವನ್ನು ಬೇರೆಯವರು ಮುಟ್ಟುವಂತಿಲ್ಲ. ಬೇರೆ ಕೈ ಅದರಲ್ಲಿ ಕೆಲಸ ಮಾಡಿದ ಗಳಿಗೆಗೆ ಉಳಿಕೆ ಮುಗಿಯುತ್ತದೆ. ಇಪ್ಪತ್ತೊಂದು ದಿನ ಉಳಿಕೆ ಕಾಣದಿದ್ದರೆ ಆ ವಸ್ತುವನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ, ಅದರಿಂದ ಕೆಲಸವಿರುವವರಿಗೆ ಕೊಟ್ಟುಬಿಡಬೇಕು. ಇವೆರಡು ನಮ್ಮೂರಿನ ಕಟ್ಟು. ಬರೆದಿಟ್ಟವರು ಯಾರೂ ಇಲ್ಲ, ಮೀರಿದವರೂ ಇಲ್ಲ.

ಐದು ತಿಂಗಳಾದ ಮೇಲೆ ವಿದ್ಯುತ್ ಕಚೇರಿಯವರು ಬಂದು ಮನೆಮನೆಯ ಕಪ್ಪು ಮೀಟರು ಕಿತ್ತು ಬಿಳೀ ಮೀಟರು ಹಾಕಿ ಹೋದರು. ಬಿಳೀದರಲ್ಲಿ ತಟ್ಟೆಯೇ ಇಲ್ಲ. ಒಂದು ಕೆಂಪು ದೀಪ ಯಾವಾಗಲೋ ಒಮ್ಮೆ ಮಿಟುಕುತ್ತದೆ, ಅದನ್ನು ನೋಡಿ ಏನು ತಿಳಿಯಬೇಕು? ಊರಿಗೆ ಊರೇ ಕಣ್ಣು ಕಟ್ಟಿದಂತಾಯಿತು. ಎಂಬತ್ತರ ಮುದುಕರೂ ಮೀಟರಿನ ಮೇಲೆ ಬೆರಳಿಟ್ಟು ಬಿಸಿ ಇದೆಯೇ ನೋಡುತ್ತಿದ್ದರು.

ಆಗ ಊರನ್ನು ಕಾಪಾಡಿದವರು ರೇಡಿಯೋ ಅಂಗಡಿಯ ಬಾಬಾಜಾನ್. ಅವರು ಎಲ್ಲಿಂದಲೋ ಒಂದು ಪೆಟ್ಟಿಗೆ ಕರೆಂಟ್ ಸೆನ್ಸರ್ ತರಿಸಿದರು. ಹೆಬ್ಬೆಟ್ಟಿನಷ್ಟು ನೀಲಿ ಹಲಗೆ. ಒಂದು ಕಡೆ ಎರಡು ಸ್ಕ್ರೂ, ಮನೆಯ ತಂತಿ ಒಂದರಿಂದ ಹೊಕ್ಕು ಇನ್ನೊಂದರಿಂದ ಹೊರಡಬೇಕು. ಇನ್ನೊಂದು ಕಡೆ ಮೂರು ಕಾಲು. ನಡುವೆ ಒಂದು ಕರೀ ಚಿಪ್ಪು. ತಂತಿಯಲ್ಲಿ ಕರೆಂಟು ಹರಿದರೆ ಅದರ ಸುತ್ತ ಅಯಸ್ಕಾಂತದ ಗುಣ ಹುಟ್ಟುತ್ತದಲ್ಲ, ಅದನ್ನು ಈ ಚಿಪ್ಪು ಮುಟ್ಟದೆಯೇ ಗುರುತು ಹಿಡಿಯುತ್ತದೆ. ಮೂರು ಕಾಲನ್ನು ಬೆರಳುದ್ದದ ಇನ್ನೊಂದು ಬೋರ್ಡಿಗೆ ಸೇರಿಸಿದರೆ ಎಷ್ಟು ಆಂಪಿಯರ್ ಅಂತ ಅಂಕಿಯಲ್ಲಿ ತೋರಿಸುತ್ತದೆ. ಬೋರ್ಡಿಗೆ ಬೇಕಾದ ಪ್ರೋಗ್ರಾಮನ್ನು ಬಾಬಾಜಾನರೇ ತುಂಬಿ ಕೊಡುತ್ತಿದ್ದರು. ಭಾನುವಾರ ಅವರ ಅಂಗಡಿಯ ಮುಂದೆ ಬೆಂಚು ಹಾಕಿ ಪಾಠ ನಡೆಯುತ್ತಿತ್ತು. ಜನ್ಮದಲ್ಲಿ ಬಲ್ಬು ಬದಲಾಯಿಸದವರು ಕನ್ನಡಕ ಏರಿಸಿಕೊಂಡು ಸಾಲ್ಡರಿಂಗ್ ಕಲಿತರು.

ನನಗೆ ಪಾಠ ಯಾಕೆ, ನಾನು ತಂತಿಯ ನಡುವೆಯೇ ಮುದುಕಿಯಾದವಳು. ಒಂದು ಭಾನುವಾರ ಬೆಳಿಗ್ಗೆ ಸಾಮಾನು ತೆಗೆದುಕೊಂಡೆ. ಬಾಬಾಜಾನ್ ನಾಲ್ಕು ಮಾತು ಹೇಳಿಯೇ ಕೊಟ್ಟರು. "ಗುಣಕ್ಕ, ಫ್ಯೂಸು ಕಿತ್ತು ಕೈ ಹಾಕಿ. ಬೋರ್ಡಿಗೆ ಬ್ಯಾಟರಿ ಕೊಡಿ, ಮನೆ ಕರೆಂಟು ಕೊಟ್ರೆ ಅದನ್ನೂ ಎಣಿಸಿಬಿಡುತ್ತೆ. ಇನ್ನೊಂದು, ಈ ಸೆನ್ಸರ್ ಏನೂ ಹರಿಯದಿದ್ರೂ ಸುಮ್ನಿರೋ ಪೈಕಿ ಅಲ್ಲ. ಅದರದ್ದೇ ಒಂದು ಗದ್ದಲ ಇರುತ್ತೆ, ಸೊನ್ನೆ ಚಿಲ್ಲರೆ ತೋರಿಸ್ತಾನೇ ಇರುತ್ತೆ. ಅದಕ್ಕೆ ಮೊದ್ಲು ಸೊನ್ನೆ ಕೂರಿಸ್ಬೇಕು. ಮನೆ ಖಾಲಿ ಇದ್ದಾಗ ಈ ಗುಂಡಿ ಒತ್ತಿ ಹಿಡಿದ್ರೆ, ಆಗ ಎಷ್ಟು ತೋರಿಸ್ತಿದೆಯೋ ಅದೇ ಸೊನ್ನೆ ಅಂತ ನೆನಪಿಟ್ಕೊಳ್ಳುತ್ತೆ. ಆಮೇಲೆ ಅದನ್ನ ಕಳೆದೇ ಲೆಕ್ಕ ಹೇಳುತ್ತೆ."

"ಗೊತ್ತು ಬಿಡಿ ಬಾಬಾಜಾನ್" ಅಂದೆ. ಗೊತ್ತು ಅನ್ನುವವರಿಗೆ ಹೇಳುವುದು ಕಷ್ಟ ಅಂತ ಅವರು ನಕ್ಕು ಸಾಮಾನು ಕಟ್ಟಿಕೊಟ್ಟರು.

ಮನೆಗೆ ಬಂದವಳು ಊಟ ಮಾಡಲಿಲ್ಲ. ಒಂದು ತಿಂಗಳಾಗಿತ್ತು ಅತ್ತಿಗೆ ಕೂರುವುದನ್ನು ಕಾಣದೆ. ಫ್ಯೂಸು ಕಿತ್ತೆ, ತಂತಿ ಕತ್ತರಿಸಿ ಸ್ಕ್ರೂಗೆ ಸೇರಿಸಿದೆ, ಮೂರು ಕಾಲಿಗೆ ಬೆಸುಗೆ ಹಾಕಿದೆ. ಆತುರಕ್ಕೆ ಒಂದು ಬೆಸುಗೆ ಎರಡು ಸಲ ಮಾಡಬೇಕಾಯಿತು. ಮುಗಿಯುವ ಹೊತ್ತಿಗೆ ಮೂರೂವರೆ ದಾಟಿತ್ತು. ಫ್ಯೂಸು ಹಾಕಿದೆ, ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿದೆ. ಅಂಕಿ 0.41 ಅಂತ ತೋರಿಸಿತು. ಗದ್ದಲ ಸ್ವಲ್ಪ ಜಾಸ್ತಿಯೇ ಅನ್ನಿಸಿತು, ಎರಡು ಸಲ ಮಾಡಿದ ಬೆಸುಗೆಯದೇ ತಪ್ಪಿರಬೇಕು ಅಂದುಕೊಂಡೆ. ಗುಂಡಿ ಒತ್ತಿ ಹಿಡಿದೆ. ಅಂಕಿ 0.00 ಆಯಿತು. ಆಮೇಲೆ ಚಾಪೆ ಹಾಸಿ ಕೂತು ಅತ್ತಿಗೆಗಾಗಿ ಕಾಯತೊಡಗಿದೆ.

ನಾಲ್ಕೂವರೆಯವರೆಗೂ ಅದು 0.00 ಇತ್ತು. ಮರುದಿನವೂ ಅಷ್ಟೇ. ಮೂರನೆಯ ದಿನ ಬ್ಯಾಟರಿ ಬದಲಾಯಿಸಿದೆ, ನಾಲ್ಕನೆಯ ದಿನ ಬೆಸುಗೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಹತ್ತನೆಯ ದಿನದ ಹೊತ್ತಿಗೆ ನನಗೆ ಸಿಟ್ಟು ಬಂತು. ಅಣ್ಣನ ಉಳಿಕೆ ಹನ್ನೊಂದು ವರ್ಷ ನಡೆಯಿತು, ಎದುರುಮನೆಯ ಮುದುಕನ ಟೇಬಲ್ ಫ್ಯಾನು ಹತ್ತೊಂಬತ್ತನೆಯ ವರ್ಷದಲ್ಲಿದೆ. ಅತ್ತಿಗೆಗೆ ನನ್ನ ಜೊತೆ ಇರಲು ಆರು ತಿಂಗಳಿಗೇ ಸಾಕಾಯಿತೇ? ಬೀದಿಯವರು ಬಾಯಿ ಬಿಟ್ಟು ಅನ್ನದಿದ್ದರೂ ಕಣ್ಣಲ್ಲಿ ಅನ್ನುತ್ತಿದ್ದರು: ಉಳಿಕೆ ಬೇಗ ಮುಗಿದ ಮನೆಯಲ್ಲಿ ಅಕ್ಕರೆ ಕಮ್ಮಿ. ಆ ಇಪ್ಪತ್ತೊಂದು ಮಧ್ಯಾಹ್ನ ನಾನು ಅನುಭವಿಸಿದ ಒಂಟಿತನ ಅವರು ಸತ್ತ ದಿನವೂ ಅನುಭವಿಸಿರಲಿಲ್ಲ. ಸತ್ತಾಗ ಅವರು ಹೋಗಿದ್ದರು ಅಷ್ಟೆ. ಈಗ ನನ್ನನ್ನು ಬಿಟ್ಟು ಹೋಗಿದ್ದರು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಹಿಂದಿನ ಬೀದಿಯ ನಾಗವೇಣಿಯನ್ನು ಕರೆದೆ. ಅವಳೂ ಬಟ್ಟೆ ಹೊಲಿಯುವವಳು, ಕಾಲಲ್ಲಿ ತುಳಿಯುವ ಯಂತ್ರ ಅವಳದು. ತುಳಿದು ತುಳಿದು ಎಡಗಾಲಿನ ಮಂಡಿ ಬೂದುಗುಂಬಳದಂತೆ ಊದಿತ್ತು. ತಳ್ಳುಗಾಡಿ ತಂದಳು. ಕೆಂಪು ಬಟ್ಟೆ ತೆಗೆಯುವಾಗ "ಚೆನ್ನಾಗಿ ನೋಡಿದ್ದೀರಲ್ಲ ಗುಣಕ್ಕ?" ಅಂತ ಕೇಳಿದಳು.

"ಇಪ್ಪತ್ತೊಂದು ದಿನ ನೋಡಿದ್ದೀನಿ ತಾಯಿ. ಅವ್ರು ಹೋಗಿದ್ದಾರೆ. ತಗೊಂಡು ಹೋಗು."

"ನಾಳೆ ಸಂಜೆ ಪೂಜೆ ಮಾಡಿ ಸೂಜಿ ಇಳಿಸ್ತೀನಿ. ಮೊದಲ ಹೊಲಿಗೆಗೆ ನೀವು ಬರ್ಬೇಕು" ಅಂದು ಗಾಡಿ ತಳ್ಳಿಕೊಂಡು ಹೋದಳು. ಯಂತ್ರ ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಬಿಳೀ ಗುರುತು ಉಳಿದವು.

ಕೋಣೆಯಲ್ಲಿ ಕೂರಲಾಗದೆ ಹಜಾರಕ್ಕೆ ಬಂದು ಫ್ಯಾನು ಹಾಕಿಕೊಂಡು ಬಿದ್ದುಕೊಂಡೆ. ಸೆನ್ಸರನ್ನು ಕಿತ್ತು ಬಾಬಾಜಾನರಿಗೆ ಕೊಟ್ಟರಾಯಿತು, ಬೇಕಾದವರು ಯಾರಾದರೂ ಇರುತ್ತಾರೆ ಅಂದುಕೊಂಡು ಬೋರ್ಡಿಗೆ ಬ್ಯಾಟರಿ ಸಿಕ್ಕಿಸಿದೆ, ಸರಿಯಿದೆಯೇ ಕೊನೆಯ ಸಲ ನೋಡೋಣ ಅಂತ. ಅಂಕಿ 0.00. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ನಾನು ಅಂಕಿ ನೋಡಿದೆ, ಫ್ಯಾನು ನೋಡಿದೆ. ಅಷ್ಟು ದಿನ ಎಲ್ಲ ಆರಿಸಿಕೊಂಡೇ ಅದನ್ನು ನೋಡಿದ್ದೆನೇ ಹೊರತು ಏನಾದರೊಂದು ಹಾಕಿ ನೋಡಿರಲಿಲ್ಲ. ಎಷ್ಟು ಫ್ಯಾನಿನ ಮೋಟಾರು ಸುತ್ತಿದ್ದೇನೆ ನಾನು. ಇಷ್ಟು ದೊಡ್ಡ ರೆಕ್ಕೆಯ ಫ್ಯಾನು ಕಾಲು ಆಂಪಿಯರಿಗಿಂತ ಮೇಲೆ ತಿನ್ನದೆ ತಿರುಗುವುದಿಲ್ಲ. ಮಿಕ್ಸಿ ಹಾಕಿದೆ. ಅಂಕಿ ಮೇಲೆದ್ದಿತು, ಆದರೆ ಏಳಬೇಕಾದಷ್ಟು ಏಳಲಿಲ್ಲ. ಮೂರು ಕಾಲಿನ ಬೆಸುಗೆ ಬಿಡಿಸಿ, ಬೋರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡು ಬಿಸಿಲಲ್ಲಿ ಅಂಗಡಿಗೆ ಓಡಿದೆ.

ಬಾಬಾಜಾನ್ ಬೋರ್ಡನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರು. ಅವರ ಮುಖ ನಿಧಾನವಾಗಿ ಬಾಡಿತು.

"ಗುಣಕ್ಕ, ಇದು ಸೊನ್ನೆ ಅಂತ 0.41 ಅನ್ನ ನೆನಪಿಟ್ಕೊಂಡಿದೆ. ಗದ್ದಲ ಅಂದ್ರೆ 0.08, ಹೆಚ್ಚಂದ್ರೆ 0.10. ಸೊನ್ನೆ ಕೂರಿಸಿದಾಗ ಹೊತ್ತು ಎಷ್ಟಾಗಿತ್ತು?"

"ಎಲ್ಲಾ ಆರಿಸಿದ್ದೆ ಬಾಬಾಜಾನ್. ಒಂದು ದೀಪ ಕೂಡ ಇರ್ಲಿಲ್ಲ."

"ಅದಲ್ಲ ಅಕ್ಕ. ಹೊತ್ತು ಎಷ್ಟು?"

ಮೂರೂವರೆ ದಾಟಿತ್ತು ಅಂದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ಇಡೀ ಊರಿಗೆ ಗೊತ್ತಿರುವ ವಿಷಯ, ಹೋದವರು ಮನೆಯಲ್ಲಿಲ್ಲದ ಹೊತ್ತು ನೋಡಿ ಸೊನ್ನೆ ಕೂರಿಸಬೇಕು. ನಾನು ಸ್ವಿಚ್ಚುಗಳನ್ನೆಲ್ಲ ಆರಿಸಿ ಮನೆ ಖಾಲಿ ಅಂದುಕೊಂಡೆ. ಅತ್ತಿಗೆ ಯಂತ್ರದ ಮುಂದೆ ಕೂತಿದ್ದರು. ಅವರು ಕೂತಿರುವಾಗಲೇ ಗುಂಡಿ ಒತ್ತಿ, ಇದೇ ಸೊನ್ನೆ, ಇಲ್ಲಿ ಏನೂ ಇಲ್ಲ ಅಂತ ಹೇಳಿಕೊಟ್ಟಿದ್ದೆ. ಇಪ್ಪತ್ತೊಂದು ದಿನವೂ ಅದು ಅವರನ್ನು ಕಳೆದೇ ಲೆಕ್ಕ ಹೇಳಿತ್ತು.

"ಸೊನ್ನೆಗಿಂತ ಕೆಳಗಿಳಿದ್ರೆ ಜನ ಹೆದರ್ತಾರೆ ಅಂತ, ಕೆಳಗಿನದ್ದನ್ನೆಲ್ಲ ಸೊನ್ನೆ ಅಂತ್ಲೇ ತೋರ್ಸು ಅಂತ ಬರೆದಿದ್ದೆ. ಅದು ಇರದಿದ್ರೆ ಅವತ್ತೇ ಗೊತ್ತಾಗಿರೋದು" ಅಂತ ಬಾಬಾಜಾನ್ ಆ ಒಂದು ಸಾಲನ್ನು ಅಳಿಸಿದರು. "ಬೇಕಾದ್ರೆ ಈಗ್ಲೇ ಹೊಸ ಸೊನ್ನೆ ಕೂರಿಸಿ ಕೊಡ್ತೀನಿ."

"ಬೇಡ. ಈಗ ಯಾವುದನ್ನೂ ಮುಟ್ಟಬೇಡಿ" ಅಂದು ಕಿತ್ತುಕೊಂಡು ಬಂದೆ.

ಮನೆಯಲ್ಲಿ ಬೋರ್ಡನ್ನು ಮತ್ತೆ ಬೆಸೆದು, ಎಲ್ಲ ಆರಿಸಿ ಕೂತೆ. ಅಂಕಿ ಮೈನಸ್ 0.33 ತೋರಿಸುತ್ತಿತ್ತು. ಮೂರೂವರೆಗೆ ಎರಡು ನಿಮಿಷ ಇರುವಾಗ ಅದು ಕದಲಿತು. ಮೈನಸ್ 0.20, ಮೈನಸ್ 0.05, ಆಮೇಲೆ 0.00. ಅಲ್ಲಿಗೆ ಬಂದು ನಿಂತಿತು. ನಡುನಡುವೆ ಕೊಂಚ ಇಳಿದು ಮತ್ತೆ ಏರುತ್ತಿತ್ತು, ಮೂಲೆ ಬಂದಿರಬೇಕು. ಇಪ್ಪತ್ತೊಂದು ದಿನ ಯಾವ ಸೊನ್ನೆಯನ್ನು ನೋಡಿ ಅತ್ತಿದ್ದೆನೋ ಆ ಸೊನ್ನೆಯೇ ಅತ್ತಿಗೆಯಾಗಿತ್ತು. ನಾನು ಗಟ್ಟಿಯಾಗಿ ಅತ್ತೆ. ನಾಲ್ಕೂವರೆಗೆ ಅಂಕಿ ಇಳಿಯಿತು, ನಾನು ಚಪ್ಪಲಿ ಮೆಟ್ಟಿ ನಾಗವೇಣಿಯ ಮನೆಗೆ ಹೊರಟೆ.

ಯಂತ್ರವನ್ನು ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಇಟ್ಟು ಕಿಟಕಿಯ ಬಳಿ ನಿಲ್ಲಿಸಿದ್ದಳು. ತನ್ನ ಹಳೆಯ ಯಂತ್ರದಲ್ಲಿ ಯಾರದೋ ಲಂಗ ಹೊಲಿಯುತ್ತಿದ್ದವಳು, ಏಳಲು ಮಂಡಿ ಹಿಡಿದುಕೊಂಡಳು. ನಡೆದದ್ದನ್ನೆಲ್ಲ ಹೇಳಿದೆ.

"ನಾನಿನ್ನೂ ಸೂಜಿ ಇಳಿಸಿಲ್ಲ ಗುಣಕ್ಕ, ದೇವರಾಣೆ. ತಗೊಂಡು ಹೋಗಿ. ನಮ್ಮ ಮಾವನ ಉಳಿಕೆಗೆ ನಮ್ಮತ್ತೆ ದಿನಾ ಕಾಯ್ತಾರೆ, ನನಗೆ ಗೊತ್ತಾಗಲ್ವಾ? ಈ ಕಾಲು ಎಷ್ಟು ದಿನ ನಡೆಯುತ್ತೋ ನಡೀಲಿ" ಅಂದಳು.

ತಗೊಂಡು ಹೋಗುತ್ತೇನೆ ಅನ್ನಲು ಬಂದವಳು ನಾನು. ಆದರೆ ಅವಳ ಮಂಡಿಯ ಮೇಲೆ ಕಣ್ಣು ಬಿತ್ತು. "ನಾಳೆ ನಾಲ್ಕೂವರೆವರೆಗೆ ಸೂಜಿ ಇಳಿಸ್ಬೇಡ. ಆಮೇಲೆ ಬಂದು ಹೇಳ್ತೀನಿ" ಅಂದು ಬಂದುಬಿಟ್ಟೆ.

ಮರುದಿನ ಮೂರಕ್ಕೇ ಚಾಪೆ ಹಾಸಿದೆ. ಎರಡು ಲೋಟ ಕಾಫಿ ಮಾಡಿದೆ, ಯಾಕೆಂದು ಕೇಳಬೇಡಿ. ಯಂತ್ರ ವಾಪಸು ತಂದರೆ ಹತ್ತು ವರ್ಷ, ದೇವರು ದೊಡ್ಡವನಾದರೆ ಹತ್ತೊಂಬತ್ತು ವರ್ಷ ಹೀಗೆ ಜೊತೆಗೆ ಕೂರಬಹುದು. ನನಗೆ ಬೇಕಿದ್ದುದೂ ಅದೇ. ಖಾಲಿ ಮನೆಯ ಹೆದರಿಕೆ ಏನೆಂದು ಆ ಇಪ್ಪತ್ತೊಂದು ದಿನದಲ್ಲಿ ಕಂಡಿದ್ದೆ, ಇನ್ನೊಮ್ಮೆ ಕಾಣಲು ಧೈರ್ಯವಿರಲಿಲ್ಲ. ಅಂಕಿ ಮೈನಸ್ಸಿನಿಂದ ಮೇಲೆದ್ದು ಸೊನ್ನೆಗೆ ಬಂತು. ಅತ್ತಿಗೆ ಕೂತರು.

ನೋಡುತ್ತಾ ನೋಡುತ್ತಾ ನನಗೆ ಅವರ ಬೆನ್ನು ನೆನಪಾಯಿತು. ಸಂಜೆ ಯಂತ್ರದಿಂದ ಏಳುವಾಗ ಅಮ್ಮಾ ಅಂತ ಸೊಂಟಕ್ಕೆ ಎರಡೂ ಕೈ ಕೊಟ್ಟು ನಿಲ್ಲುತ್ತಿದ್ದರು. ಮೂವತ್ತು ವರ್ಷ ಊರವರ ಲಂಗ, ರವಿಕೆ, ದಿಂಬಿನ ಚೀಲ ಹೊಲಿದವರು ಸತ್ತ ಮೇಲೂ ದಿನಾ ಒಂದು ಗಂಟೆ ಬಗ್ಗಿ ಹೊಲಿಯುತ್ತಲೇ ಇದ್ದರು. ಆ ಹೊಲಿಗೆಯಿಂದ ಒಂದು ಗುಂಡಿಯ ಕಾಜಾ ಕೂಡ ಹುಟ್ಟುತ್ತಿರಲಿಲ್ಲ. ಅಣ್ಣನನ್ನು ಹನ್ನೊಂದು ವರ್ಷ ನಿಲ್ಲಿಸಿಬಿಟ್ಟೆ ಅಂದು ಲೋಟ ತೊಳೆಯಲು ಎದ್ದು ಹೋದದ್ದು ಇದೇ ಅತ್ತಿಗೆಯಲ್ಲವೇ?

ನಾಲ್ಕೂಕಾಲಾಯಿತು. ನಾನು ಅಂಕಿಯ ಕಡೆ ನೋಡುವುದನ್ನು ಬಿಟ್ಟು ಕೋಣೆಯ ನೆಲದ ನಾಲ್ಕು ಗುರುತುಗಳ ಕಡೆ ತಿರುಗಿದೆ.

"ರೇಷ್ಮೆ ರವಿಕೆ ಸುಟ್ಟಿದ್ದು ನಾನೇ ಅತ್ತಿಗೆ. ತಪ್ಪು ನಂದೇ. ಅವತ್ತೇ ಹೇಳ್ಬೇಕಿತ್ತು" ಅಂದೆ. ಆಮೇಲೆ, ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿ, ಅದನ್ನೂ ಹೇಳಿದೆ. "ಸಾಕು, ಏಳಿ. ಬೆನ್ನು ನೋಯುತ್ತೆ."

ಅಂಕಿ ಮೊದಲಿನಂತೆಯೇ ಮೂಲೆ ಬಂದಾಗ ಕೊಂಚ ಇಳಿದು ಮತ್ತೆ ಸೊನ್ನೆಗೇರಿತು, ಅಷ್ಟೇ. ನಾಲ್ಕೂವರೆಯವರೆಗೆ ಹಾಗೇ ಇತ್ತು. ಕೆಲಸ ಅರ್ಧಕ್ಕೆ ಬಿಟ್ಟು ಏಳುವ ಹೆಂಗಸೇ ಅಲ್ಲ ಅವರು.

ತೋಳು ಕೂಡಿಸದ ನೀಲಿ ರವಿಕೆಯನ್ನು ಚೀಟಿಯ ಸಮೇತ ಎತ್ತಿಕೊಂಡು ನಾಗವೇಣಿಯ ಮನೆಗೆ ಹೋದೆ. "ಮೊದಲು ಇದನ್ನ ಮುಗಿಸು" ಅಂತ ಅವಳ ಕೈಗಿಟ್ಟೆ. ಅತ್ತಿಗೆ ಹಾಕಿದ್ದ ಹೊಲಿಗೆ ಎಲ್ಲಿ ನಿಂತಿತ್ತೋ ಅಲ್ಲಿಗೇ ಸೂಜಿ ಇಳಿಸಿದಳು. ನಾನು ಸುತ್ತಿದ ಮೋಟಾರು ಗುರ್ ಅಂತು. ತೋಳಿನ ತಿರುವಿನಲ್ಲಿ ಅವಳೂ ನಿಧಾನಿಸಿದಳು.

ಈಗ ಮೂರು ತಿಂಗಳಾಯಿತು. ಸೆನ್ಸರು ಹಾಗೇ ಇದೆ. ಮೂರೂವರೆಗೂ ಮೈನಸ್ 0.33, ನಾಲ್ಕೂವರೆಗೂ ಅಷ್ಟೇ. ಮೊನ್ನೆ ಬಾಬಾಜಾನ್ ಬಂದಿದ್ದರು. ನೀಲಿ ರವಿಕೆ ಚೆನ್ನಾಗಿ ಕೂತಿದೆ ಅಂದರು, ಅಂಕಿ ನೋಡಿ ಮನಸ್ಸಿಗೆ ಬೇಜಾರು ಮಾಡಿಕೊಂಡರು.

"ಗುಂಡಿ ಒತ್ತಿ ಹಿಡಿದ್ರೆ ಆಯ್ತಲ್ಲ ಗುಣಕ್ಕ. ಒಂದು ನಿಮಿಷದ ಕೆಲಸ. ಸೊನ್ನೆ ಆಗಿಬಿಡುತ್ತೆ."

"ಆಗುತ್ತೆ ಬಾಬಾಜಾನ್. ಆದ್ರೆ ಮನೇಲಿ ಅಷ್ಟು ಕಮ್ಮಿ ಇರೋದು ನಿಜ ತಾನೇ. ಇರ್ಲಿ ಬಿಡಿ" ಅಂದು ಅವರಿಗೆ ಫ್ಯಾನು ಹಾಕಿದೆ.